ನಾಲ್ಕು ನಲವತ್ತರ ಗಾಡಿ

"ಇನ್ನೂ ಗಾಡಿ ಬರ್ತಾನೇ ಇದೆ ಮಾವ," ಎಂದು ಗಾಜಿನ ಆಚೆಯಿಂದ ಸಲಹೆಗಾರ್ತಿ ನಕ್ಕಳು. "ನಿದ್ದೆ ಬಂತಾ ಅಂತ ಕೇಳ್ತಿದೀರೋ, ಎರಡನೇ ಪ್ಲಾಟ್‌ಫಾರ್ಮಿಗೆ ಬಂತಾ ಅಂತ ಕೇಳ್ತಿದೀರೋ, ಒಂದೂ ಗೊತ್ತಾಗ್ತಿಲ್ಲ."

ಗೋಡೆಗಳಿಗೆಲ್ಲ ಬೂದುಬಣ್ಣದ ಸ್ಪಂಜು ಅಂಟಿಸಿದ್ದ ಆ ಕಿರುಕೋಣೆಯಲ್ಲಿ ಮೈಕಪ್ಪ ಏಳನೆಯ ಸಲ ಗಂಟಲು ಸರಿಪಡಿಸಿಕೊಂಡ. ಅವನ ಮುಂದಿನ ಹಾಳೆಯಲ್ಲಿದ್ದವು ಮೂರೇ ಪ್ರಶ್ನೆಗಳು. ನಿನ್ನೆ ನಿಮಗೆ ನಿದ್ದೆ ಬಂತೇ? ಇವತ್ತು ಹೊಟ್ಟೆ ತುಂಬ ಊಟ ಮಾಡಿದಿರಾ? ಇವತ್ತು ಯಾರ ಜೊತೆಗಾದರೂ ಮಾತನಾಡಿದಿರಾ? ಮೂರನ್ನೂ ಅವನು ಅಕ್ಷರಲೋಪವಿಲ್ಲದೆ, ಪದಪದದ ನಡುವೆ ಸಮನಾದ ಅಂತರವಿಟ್ಟು, ಕೊನೆಯ ಸ್ವರವನ್ನು ತುಸು ಎಳೆದು ಹೇಳಿದ್ದ. ಯಂತ್ರದ ಮುಂದೆ ಕುಳಿತಿದ್ದ ರೆಕಾರ್ಡಿಂಗಿನವನು ಈ ದೇಶದವನು. ಅವನಿಗೆ ಇವರ ಭಾಷೆ ತಿಳಿಯದು, ತೆರೆಯ ಮೇಲೆ ಏರಿಳಿಯುವ ಗೆರೆ ಮಾತ್ರ ತಿಳಿಯುವುದು. ಗೆರೆ ಸೊಗಸಾಗಿ ಬಂದಿದ್ದರಿಂದ ಪ್ರತಿ ಸಲವೂ ಅವನು ಹೆಬ್ಬೆರಳೆತ್ತಿ ಮೆಚ್ಚುಗೆ ಸೂಚಿಸುತ್ತಿದ್ದ.

"ಎದುರಿಗೆ ಒಬ್ಬರು ಕೂತಿದಾರೆ ಅಂದ್ಕೊಳ್ಳಿ. ಪಾಪ, ಬೇಜಾರಲ್ಲಿದಾರೆ. ಅವರನ್ನ ವಿಚಾರಿಸ್ತಿದೀರಿ, ಅಷ್ಟೇ."

"ಎದುರಿಗೆ ಯಾರಾದ್ರೂ ಕೂತ್ರೆ ನಂಗೆ ಮಾತೇ ಹೊರಡಲ್ಲಮ್ಮ."

"ಹಾಗಾದ್ರೆ ಕಣ್ಮುಚ್ಚಿ ಕೇಳಿ."

ಅವನು ಕಣ್ಣು ಮುಚ್ಚಿಕೊಂಡ. ಹನ್ನೊಂದನೆಯ ಸಲಕ್ಕೆ ಅದು ಹೇಗೋ ಮನುಷ್ಯ ಮನುಷ್ಯನನ್ನು ಕೇಳಿದ ಹಾಗಾಯಿತು. ಆದರೂ ಆ ದನಿಯ ತಳದಲ್ಲಿ ಒಂದು ನಿಲ್ದಾಣ ಉಳಿದೇ ಇತ್ತು.

ಬಿಟ್ಟುಬಂದ ಊರಿನಲ್ಲಿ ಅವನು ರೈಲು ನಿಲ್ದಾಣದ ಘೋಷಕ. ಇಪ್ಪತ್ತಾರು ವರ್ಷ ಒಂದೇ ಕೋಣೆ, ಒಂದೇ ಕುರ್ಚಿ, ಎದುರಿಗೆ ಒಂದು ಮೈಕು. ಊರಿನವರ ಪಾಲಿಗೆ ಅವನೊಂದು ಅಶರೀರವಾಣಿ. ಕಂಡವರು ಕಡಿಮೆ, ಕೇಳದವರು ಇಲ್ಲ. ಜನ ಅವನ ಹೆಸರನ್ನು ತಿಳಿಯುವ ಗೋಜಿಗೆ ಹೋಗದೆ ಮೈಕಪ್ಪ ಎಂದು ಕರೆದರು, ಅದೇ ನಿಂತಿತು. ಹೆಂಡತಿ ಬದುಕಿದ್ದಾಗ, "ಮನೇಲಿರೋದು ಒಬ್ಬಳೇ ಪ್ರಯಾಣಿಕಳು, ಅಷ್ಟು ಗಟ್ಟಿಯಾಗಿ ಹೇಳ್ಬೇಕಾ?" ಎಂದು ಛೇಡಿಸುತ್ತಿದ್ದಳು. ಮಾತನಾಡುವುದೆಂದರೆ ಅವನಿಗೆ ಹೇಳುವುದು. ತಿರುಗಿ ಉತ್ತರ ಬರುವಂಥ ಮಾತು ಅವನಿಗೆ ಒಗ್ಗಿರಲಿಲ್ಲ. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು, ಊರು ಬಿಟ್ಟು ಎರಡು. ಈ ದೇಶದಲ್ಲಿ ಮೈಕಪ್ಪ ಎಂಬ ಹೆಸರನ್ನು ಬಲ್ಲ ಒಂದು ನರಪಿಳ್ಳೆಯೂ ಇಲ್ಲವೆಂದೇ ಅವನು ತಿಳಿದಿದ್ದ.

ಹೀಗೆ ನೆಲೆ ಕಳೆದುಕೊಂಡು ಇಲ್ಲಿನ ನಾನಾ ನಗರಗಳಿಗೆ ಚದುರಿಹೋದ ಅವನ ಭಾಷೆಯ ಜನಕ್ಕೆಂದು ಒಂದು ಸಂಸ್ಥೆಯವರು ಫೋನಿನಲ್ಲಿ ಹಾಕಿಕೊಳ್ಳುವ ಆ್ಯಪ್ ಒಂದನ್ನು ಮಾಡಿದ್ದರು. ಅದರ ಹೆಸರು 'ಜೊತೆ'. ಓದುಬರಹ ಬಾರದವರೇ ಹೆಚ್ಚಾದ್ದರಿಂದ ಎಲ್ಲವೂ ದನಿಯಲ್ಲೇ ನಡೆಯಬೇಕು. ದಿನಕ್ಕೊಮ್ಮೆ, ಅವರವರು ಆರಿಸಿಕೊಂಡ ಹೊತ್ತಿಗೆ ಫೋನು ಗುನುಗುತ್ತದೆ, ಮೂರು ಪ್ರಶ್ನೆ ಕೇಳುತ್ತದೆ. ಹಸಿರು ಗುಂಡಿ ಒತ್ತಿ ಮನಸ್ಸಿಗೆ ಬಂದದ್ದನ್ನು ಹೇಳಬಹುದು. ಕಳವಳ ಹುಟ್ಟಿಸುವಂಥ ಉತ್ತರಗಳನ್ನು ಸಲಹೆಗಾರ್ತಿಯಂಥವರು ಕುಳಿತು ಕೇಳುತ್ತಾರೆ, ಅಂಥವರಿಗೆ ತಾವೇ ಕರೆ ಮಾಡಿ ಮಾತನಾಡಿಸುತ್ತಾರೆ. ಆಕೆಯ ತಂದೆತಾಯಿ ಹಿಂದಿನ ತಲೆಮಾರಿನಲ್ಲೇ ಇಲ್ಲಿಗೆ ಬಂದವರು. ಭಾಷೆಯನ್ನು ಮನೆಯೊಳಗೆ ಕಲಿತವಳಾದ್ದರಿಂದ ಅವಳ ಮಾತಿನಲ್ಲಿ ಸಲಿಗೆ ಹೆಚ್ಚು, ಬೀದಿ ಕಡಿಮೆ. ಕಂಡ ಹಿರಿಯರನ್ನೆಲ್ಲ ಮಾವ ಅನ್ನುವಳು.

ಮೈಕಪ್ಪನ ದನಿ ಈಗ ದಿನವೂ ಹನ್ನೊಂದು ಸಾವಿರ ಕೋಣೆಗಳನ್ನು ಹೊಗುತ್ತಿತ್ತು. "ನಿಮ್ಮನ್ನೇ ತಿರುಗಿ ವಿಚಾರಿಸ್ಕೊಳ್ತಾರೆ ಮಾವ," ಎಂದು ಅವಳು ಒಮ್ಮೆ ಹೇಳಿದ್ದಳು. "ಒಬ್ಬರು, 'ನಂಗೆ ನಿದ್ದೆ ಬಂತಪ್ಪ, ನಿಂಗೆ ಬಂತಾ?' ಅಂದ್ರು. ಇನ್ನೊಬ್ಬರ ಪ್ರಕಾರ ನಿಮಗೆ ನೆಗಡಿ ಆಗಿದೆ, ಬಿಸಿನೀರು ಕುಡೀಬೇಕಂತೆ." ಅವನು ನಕ್ಕುಬಿಟ್ಟ. ಆ ಮಾತು ಮಾತ್ರ ನಾಲ್ಕು ದಿನ ಅವನ ಬೆನ್ನಿಗಿತ್ತು.

ಹೊಟ್ಟೆಪಾಡಿಗೆ ಅವನು ಆಸ್ಪತ್ರೆಗಳ ಹಾಸುಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿದ್ದ. ಒಣಗಿಸುವ ಹದಿನಾಲ್ಕು ಯಂತ್ರಗಳು ಮೊರೆಯುತ್ತಿದ್ದ ಆ ಶಾಲೆಯಂಥ ಉದ್ದನೆಯ ಕಟ್ಟಡದಲ್ಲಿ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ. ಅವನ ಜೊತೆಗೆ ಬಟ್ಟೆ ಮಡಿಸುವ ಹೆಂಗಸು ಬೇರೊಂದು ದೇಶದಿಂದ ಬಂದವಳು. ಇಬ್ಬರೂ ಬೆರಳಿನಲ್ಲೇ ಸಂಸಾರ ನಡೆಸಿದಂತೆ ಕೆಲಸ ನಡೆಸುತ್ತಿದ್ದರು. ಸಂಜೆ ಆರೂವರೆಗೆ, ಮಂಚ ಮತ್ತು ಒಲೆ ಒಂದನ್ನೊಂದು ಮುಟ್ಟುವಂತಿದ್ದ ಅವನ ಕೋಣೆಯಲ್ಲಿ ಅವನದೇ ಫೋನು ಗುನುಗುವುದು. ಅವನದೇ ದನಿ ಅವನನ್ನು ಕೇಳುವುದು: ಇವತ್ತು ಯಾರ ಜೊತೆಗಾದರೂ ಮಾತನಾಡಿದಿರಾ? ಹಸಿರು ಗುಂಡಿ ಒತ್ತಿ ಅವನು, "ಇಲ್ಲ," ಎನ್ನುವನು. ಹಾಗೆಂದಮೇಲೆ, ಇದೂ ಮಾತಾಯಿತಲ್ಲ ಎಂದು ತೋರಿ, "ಇಲ್ಲ, ಹೂಂ," ಎಂದು ತಿದ್ದಿಕೊಳ್ಳುವನು.

ಮೂರು ತಿಂಗಳ ಮೇಲೆ ಸಲಹೆಗಾರ್ತಿ ಅವನನ್ನು ಕಚೇರಿಗೆ ಕರೆಸಿದಳು. ಮೇಜಿನ ಮೇಲೆ ನೀರಿಟ್ಟು, ಬಾಗಿಲು ಮುಂದೆ ಮಾಡಿದಳು.

"ಮಾವ, ಮೈಕಪ್ಪ ಅಂದ್ರೆ ಯಾರು?"

ನೀರಿಗೆ ಚಾಚಿದ್ದ ಕೈಯನ್ನು ಅವನು ಹಿಂದಕ್ಕೆಳೆದುಕೊಂಡ. "ಯಾಕಮ್ಮ?"

"ಒಬ್ಬರು ಅಜ್ಜಿ ಇದಾರೆ. ಇಲ್ಲಲ್ಲ, ಕಡಲ ಹತ್ತಿರದ ಊರಲ್ಲಿ, ವಯಸ್ಸಾದವರ ಮನೆಯೊಂದರಲ್ಲಿ. 'ಜೊತೆ'ಗೆ ಸೇರಿದಾಗಿಂದ, ಹದಿನೈದು ದಿನದಿಂದ, ಪ್ರಶ್ನೆಗೆ ಉತ್ತರಾನೇ ಕೊಡಲ್ಲ, ಬೇರೆ ಏನೋ ಹೇಳ್ತಾರೆ. ನಂಗೆ ತಲೆಬುಡ ತಿಳೀಲಿಲ್ಲ. ಅಲ್ಲಿನ ನರ್ಸ್ ಕೈಲಿ ಕೇಳಿಸಿ, ಅವರ ಒಪ್ಪಿಗೆ ತಗೊಂಡೇ ನಿಮಗೆ ಕೇಳಿಸ್ತಿದೀನಿ."

ಅವಳು ಕಂಪ್ಯೂಟರಿನಲ್ಲಿ ಎಲ್ಲೋ ಒತ್ತಿದಳು. ಮೊದಲು ಉಸಿರಿನ ಸದ್ದು ಬಂತು. ಆಮೇಲೆ ಒಣಗಿದ, ಗಡುಸಾದ ಒಂದು ಹೆಂಗಸಿನ ಕಂಠ.

"ಏ ಮೈಕಪ್ಪ, ನಿದ್ದೆ ಗಿದ್ದೆ ಆಮೇಲೆ ಕೇಳೋವಂತೆ. ನಾಲ್ಕು ನಲವತ್ತರ ಗಾಡಿ ಎಷ್ಟು ಲೇಟು? ಅದನ್ನ ಹೇಳು."

ಮರುದಿನದ್ದು: "ನೀನು ಊಟ ಮಾಡಿದ್ಯಾ ಅಂತ ಕೇಳ್ತೀಯಲ್ಲ, ಗಾಡಿ ಬರೋ ಹೊತ್ತಲ್ಲಿ ಯಾರಾದ್ರೂ ತಟ್ಟೆ ಮುಂದೆ ಕೂರ್ತಾರಾ? ಬಂದ್ರೆ ತಪ್ಪಿಹೋಗುತ್ತೆ."

ಅದರ ಮರುದಿನದ್ದು ಒಂದೇ ಸಾಲು: "ಒಂದು ಗಂಟೆ ಲೇಟು ಅಂದೆ, ಮುಗೀಲಿಲ್ವಾ ನಿನ್ನ ಒಂದು ಗಂಟೆ?"

ಸಲಹೆಗಾರ್ತಿ ಅದನ್ನು ಅಲ್ಲಿಗೆ ನಿಲ್ಲಿಸಿದಳು. "ದಿನಾ ಮೂರು ಗಂಟೆಗೆ ನಿಮ್ಮ ದನಿ ಕೇಳ್ತಾರೆ. ನಾಲ್ಕಕ್ಕೆ ಷೂ ಹಾಕ್ಕೊಂಡು ಹೊರಗಡೆ ಮೆಟ್ಟಿಲ ಮೇಲೆ ಕೂತ್ಕೊಳ್ತಾರೆ. ಕತ್ತಲಾದ್ರೂ ಏಳಲ್ಲ. ಚಳಿ ಅಲ್ಲಿ. ಊಟ ಅರ್ಧಕ್ಕರ್ಧ ಬಿಟ್ಟಿದಾರೆ ಅಂತ ಅಲ್ಲಿನ ನರ್ಸ್ ಹೇಳಿದ್ರು. ನಾನು ಮಾತಾಡಿಸಿದ್ರೆ, 'ನೀನು ಯಾರಮ್ಮ, ಸ್ಟೇಷನ್ನಿನವಳಾ?' ಅಂತಾರೆ. ಅಲ್ಲ ಅಂದ್ರೆ ಫೋನ್ ಇಟ್ಬಿಡ್ತಾರೆ. ಆ ಗಾಡಿ ಯಾವುದು ಮಾವ?"

"ನಮ್ಮೂರಿನ ಗಾಡಿ. ಈಗ ಓಡಲ್ಲ."

"ಮೈಕಪ್ಪ?"

"ನಾನೇ," ಎಂದ. ಎರಡು ವರ್ಷದ ಮೇಲೆ ಆ ಹೆಸರನ್ನು ಒಪ್ಪಿಕೊಂಡದ್ದು ಒಂದು ಅಪರಾಧವನ್ನು ಒಪ್ಪಿಕೊಂಡ ಹಾಗಿತ್ತು.

ಮಿಕ್ಕದ್ದನ್ನು ಅವನು ಹೇಳಲಿಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ ಎರಡು ನಿಲ್ದಾಣ ಮುಂದೆ ಹೋಗಿ ಇಳಿದ.

ಊರು ಬಿಟ್ಟ ಆ ದಿನ, ಯುದ್ಧ ಹತ್ತಿರ ಬಂತೆಂದು, ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ನಿಲ್ದಾಣದಲ್ಲಿ ನೆರೆದಿತ್ತು. ಗಡಿಯ ಕಡೆಗೆ ಹೋಗುವ ಕೊನೆಯ ಗಾಡಿ ನಾಲ್ಕು ನಲವತ್ತರದ್ದು. ಮಧ್ಯಾಹ್ನ ಹನ್ನೆರಡೂವರೆಗೆ ಸ್ಟೇಷನ್ ಮಾಸ್ತರರು ಅವನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. ನದಿಯ ಸೇತುವೆ ಹಾರಿಹೋಗಿದೆ, ಗಾಡಿ ಬರುವುದಿಲ್ಲ. ರದ್ದೆಂದು ಹೇಳಿದರೆ ನೂಕುನುಗ್ಗಲಾಗಿ ಮಕ್ಕಳುಮರಿ ಕಾಲಿಗೆ ಸಿಕ್ಕಿ ಸಾಯುತ್ತಾರೆ. "ಲೇಟು ಅಂತ ಹೇಳ್ತಾ ಇರು. ಅಷ್ಟರಲ್ಲಿ ಏನಾದ್ರೂ ವ್ಯವಸ್ಥೆ ಮಾಡೋಣ," ಎಂದರು. ಹೊತ್ತಿಗೆ ಸರಿಯಾಗಿ ಅವನು ನಲವತ್ತು ನಿಮಿಷ ತಡವೆಂದ. ಆಮೇಲೆ ಒಂದು ಗಂಟೆ ಎಂದ. ಸ್ಪಷ್ಟವಾಗಿ, ನಿರ್ವಿಕಾರವಾಗಿ, ಎಂದಿನ ದನಿಯಲ್ಲಿ ಏಳು ಸಲ ಹೇಳಿದ. ಪ್ರತಿ ಸಲವೂ ಹೊರಗಿನ ಗದ್ದಲ ಅಡಗಿ ಜನ ಮತ್ತೆ ಗಂಟಿನ ಮೇಲೆ ಕುಳಿತುಕೊಳ್ಳುವ ಸದ್ದು ಕಿಟಕಿಯಿಂದ ಬರುತ್ತಿತ್ತು. ಆರು ಗಂಟೆಗೆ ವ್ಯವಸ್ಥೆಯೆಂದು ಬಂದದ್ದು ಹಿಂದಿನ ಗೇಟಿಗೆ ಒಂದು ಅಂಚೆ ವ್ಯಾನು. ಅದರಲ್ಲಿ ಇಬ್ಬರಿಗೆ ಸ್ಥಳವಿತ್ತು. ಪ್ಲಾಟ್‌ಫಾರ್ಮಿನಲ್ಲಿದ್ದವರಲ್ಲಿ ಯಾರು ಎದ್ದು ನಡೆದರು, ಯಾರು ಕಾದೇ ಉಳಿದರು, ಅವನಿಗೆ ತಿಳಿಯದು. ಮರುದಿನ ಬೆಳಗಾದ ಮೇಲೆ ಆ ಊರಿನಿಂದ ಯಾರೂ ಹೊರಬೀಳಲಾಗಲಿಲ್ಲವೆಂಬುದು ಮಾತ್ರ ತಿಳಿದಿತ್ತು.

ಎರಡು ದಿನ ಬಿಟ್ಟು ಸಲಹೆಗಾರ್ತಿ ಲಾಂಡ್ರಿಯ ಊಟದ ವಿರಾಮಕ್ಕೆ ತಾನೇ ಬಂದಳು. ಹೊರಗೆ, ಕೊಳೆಬಟ್ಟೆಯ ಬಂಡಿಗಳ ನಡುವೆ ನಿಂತು ಮಾತನಾಡಿದಳು.

"ನಿಮ್ಮ ದನಿ ತೆಗೆದು ಬೇರೆ ದನಿ ಹಾಕೋಣ ಅಂತಿದಾರೆ ಮೇಲಿನವರು. ಒಬ್ಬರಿಗೆ ತೊಂದರೆ ಆದ್ರೂ ತೊಂದರೇನೇ ಅಂತ. ಅದು ಸರಿ ಕೂಡ. ಆದ್ರೆ ಈಗ ತೆಗೆದ್ರೆ ಅಜ್ಜಿಗೆ ಸ್ಟೇಷನ್ನೇ ಮುಚ್ಚಿದ ಹಾಗಾಗುತ್ತೆ. ನೀವೇ ಒಂದ್ಸಲ ಫೋನಲ್ಲಿ ಮಾತಾಡ್ಬಾರ್ದಾ?"

"ಏನು ಹೇಳ್ಬೇಕು ಅಂತ ಬರೆದ್ಕೊಡಮ್ಮ. ಓದಿ ರೆಕಾರ್ಡ್ ಮಾಡಿಕೊಡ್ತೀನಿ."

"ರೆಕಾರ್ಡಿಗೆ ಅವರು ತಿರುಗಿ ಪ್ರಶ್ನೆ ಕೇಳೋಕಾಗಲ್ಲ ಮಾವ."

"ಅದಕ್ಕೇ ಹೇಳಿದ್ದು," ಎಂದುಬಿಟ್ಟ ಮೈಕಪ್ಪ.

ಅವಳು ಅವನ ಮುಖವನ್ನೇ ನೋಡಿದಳು. ಒತ್ತಾಯ ಮಾಡಲಿಲ್ಲ. ಮನಸ್ಸಿಲ್ಲದ ಮನಸ್ಸಿನಿಂದ, ಆಗಲಿ, ನೋಡೋಣವೆಂದಳು.

ಆ ಅಜ್ಜಿಯ ಫೋನಿಗೆ ಮಾತ್ರ ಕಳಿಸುವ ಘೋಷಣೆಯನ್ನು ಸ್ಪಂಜಿನ ಕೋಣೆಯಲ್ಲಿ ಅವನು ಒಂದೇ ಸಲಕ್ಕೆ ಮುಗಿಸಿದ. ಪ್ರಯಾಣಿಕರ ಗಮನಕ್ಕೆ. ನಾಲ್ಕು ಗಂಟೆ ನಲವತ್ತು ನಿಮಿಷದ ಗಾಡಿಯನ್ನು ರದ್ದುಪಡಿಸಲಾಗಿದೆ. ಅಡಚಣೆಗಾಗಿ ವಿಷಾದಿಸುತ್ತೇವೆ. ರೆಕಾರ್ಡಿಂಗಿನವನು ಎರಡೂ ಹೆಬ್ಬೆರಳೆತ್ತಿದ. ಹೊರಗೆ ಬಂದಾಗ ಮೈಕಪ್ಪನಿಗೆ ಎಷ್ಟೋ ಕಾಲದ ಮೇಲೆ ಹಗುರವೆನಿಸಿತು. ದಾರಿಯಲ್ಲಿ ಅಂಗಡಿಗೆ ನುಗ್ಗಿ ಒಂದು ಕಿತ್ತಳೆ ಕೊಂಡು, ನಡೆಯುತ್ತಲೇ ಸುಲಿದು ತಿಂದ.

ಆದರೆ ಆ ಊರಿನವರಲ್ಲದವರು ಯಾರೂ ಊಹಿಸಲಾರದ ಒಂದು ಎಡವಟ್ಟು ಅದರಲ್ಲಿತ್ತು. ಆ ಊರಿನವನಾದ ಅವನಿಗೇ ಅದು ಹೊಳೆಯದೆ ಹೋಯಿತು. ಗಾಡಿ ರದ್ದಾಗುವುದೆಂದರೆ ಅಲ್ಲಿಯವರಿಗೆ ಆ ಒಂದು ದಿನದ ಮಾತು. ಮಳೆಗಾಲದಲ್ಲಿ ವಾರಕ್ಕೆರಡು ಸಲ ರದ್ದಾಗುತ್ತಿತ್ತು, ಮರುದಿನ ಮೈ ತೊಳೆದುಕೊಂಡು ಹೊಳೆಯುತ್ತ ಬರುತ್ತಿತ್ತು.

"ಇವತ್ತಿಂದು ಹೋಯ್ತು ಬಿಡು, ಹೇಳಿದ್ಯಲ್ಲ, ಒಳ್ಳೇದಾಯ್ತು," ಎಂದಿತ್ತು ಮುದುಕಿಯ ಅಂದಿನ ಉತ್ತರ. ಎಷ್ಟೋ ದಿನಗಳ ಮೇಲೆ ಆ ಕಂಠದಲ್ಲಿ ಗೆಲವು ಕಾಣಿಸಿಕೊಂಡಿತ್ತು. "ನಾಳೇದು ಬರುತ್ತಲ್ಲ. ಸೀಟು ಸಿಗ್ಬೇಕಂದ್ರೆ ಬೇಗ ಹೋಗ್ಬೇಕು ಅಂತ ಅವನಿಗೆ ಯಾರಾದ್ರೂ ಹೇಳ್ರಪ್ಪ."

ಮರುದಿನ ಅವಳು ಬೆಳಗ್ಗೆ ಏಳಕ್ಕೇ ಮೆಟ್ಟಿಲ ಮೇಲೆ ಹೋಗಿ ಕುಳಿತಳು. ಮಧ್ಯಾಹ್ನ ಎದ್ದು ನಿಲ್ಲಲು ಹೋಗಿ ತಲೆಸುತ್ತಿ ಬಿದ್ದಳು. ಹಣೆಗೆ ಮೂರು ಹೊಲಿಗೆ ಬಿತ್ತು. ಮುದುಕಿಯ ಆ ಉತ್ತರವನ್ನು ಕೇಳಿಸಿ, ಈ ಸುದ್ದಿಯನ್ನು ಸಲಹೆಗಾರ್ತಿ ಫೋನಿನಲ್ಲಿ ಹೇಳಿದಳು. "ತಪ್ಪು ನಂದೇ ಮಾವ. ನಾನು ಒಪ್ಪಬಾರ್ದಿತ್ತು. ನಾಳೆಯಿಂದ ದನಿ ಬದಲಾಯಿಸ್ತಿದೀವಿ."

ಮೈಕಪ್ಪ ಮಂಚದ ಅಂಚಿನಲ್ಲಿ ಕುಳಿತಿದ್ದ. ತನ್ನ ದನಿ ಹೋಗುವುದು ಅವನಿಗೆ ಆಗ ದೊಡ್ಡದೆನಿಸಲಿಲ್ಲ. 'ಅವನಿಗೆ' ಎಂದಿದ್ದಳಲ್ಲ, ಆ ಒಂದು ಮಾತು ಮುಳ್ಳಿನ ಹಾಗೆ ನೆಟ್ಟಿತ್ತು.

"ನಾಳೆ ಒಂದಿನ ತಡ್ಕೊಳ್ಳಮ್ಮ," ಎಂದ. "ಫೋನ್ ಹಚ್ಚಿಕೊಡು. ನಾನೇ ಮಾತಾಡ್ತೀನಿ."

ಮರುದಿನ ಮೂರೂವರೆಗೆ ಅವನು ಬಟ್ಟೆ ಒಣಗಿಸುವ ಕಟ್ಟಡದ ತುದಿಯ ಕಿಟಕಿಯ ಬಳಿ ನಿಂತ. ಅಲ್ಲಿನ ಎರಡು ಯಂತ್ರಗಳು ಕೆಟ್ಟು ನಿಂತಿದ್ದರಿಂದ ಅಷ್ಟು ಜಾಗದಲ್ಲಿ ಸದ್ದು ಕಡಿಮೆ. ಮುದುಕಿಯ ಪಕ್ಕದಲ್ಲಿ ನರ್ಸ್ ಇರುವಳೆಂದೂ ಬೇಕಾದರೆ ತಾನೂ ಸಿಗುವೆನೆಂದೂ ಹೇಳಿ ಸಲಹೆಗಾರ್ತಿ ಸಂಪರ್ಕ ಕೊಟ್ಟು ಹಿಂದೆ ಸರಿದಳು.

"ಹಲೋ. ಯಾರದು?"

ಮೈಕಪ್ಪ ಫೋನನ್ನು ಕಿವಿಗೆ ಒತ್ತಿಕೊಂಡ. "ನಾನಮ್ಮ. ಸ್ಟೇಷನ್ನಿನವನು. ಮೈಕಪ್ಪ."

ಆಚೆ ಕಡೆಯಿಂದ ಅನುಮಾನದ ದನಿ: "ನಾನು ಹೇಳೋದು ನಿಂಗೆ ಕೇಳ್ಸುತ್ತಾ?"

"ಕೇಳ್ಸುತ್ತಮ್ಮ."

"ಅಯ್ಯೋ ನಿನ್ನ! ಇಷ್ಟು ವರ್ಷ ನೀನು ಹೇಳಿದ್ದು ನಾವು ಕೇಳಿದ್ದೇ ಆಯ್ತು. ನಿಂಗೂ ಕಿವಿ ಇದೆ ಅಂತ ಇವತ್ತು ಗೊತ್ತಾಯ್ತು ನೋಡು." ಅವಳು ನಕ್ಕಳು, ನಗು ಕೆಮ್ಮಾಯಿತು. "ನಾನ್ಯಾರು ಗೊತ್ತಾ? ನಿನ್ನ ಸ್ಟೇಷನ್ ಹಿಂದುಗಡೆ ಸ್ಕೂಲಿತ್ತಲ್ಲ, ಅಲ್ಲಿ ಗಂಟೆ ಹೊಡೀತಿದ್ದೆ. ಗಡಿಯಾರ ಯಾರು ನೋಡಿದ್ರು? ನೀನು ಒಂಬತ್ತೂವರೆ ಗಾಡಿ ಕೂಗಿದ್ರೆ ನಾನು ಗಂಟೆ ಹೊಡೆಯೋದು. ನಿನ್ನ ಗಾಡಿ ಲೇಟಾದ್ರೆ ನನ್ನ ಸ್ಕೂಲೂ ಲೇಟು. ಹೆಡ್‌ಮಾಸ್ತರು ನನ್ನ ಬೈಯೋರು, ನಾನು ನಿನ್ನ ಬೈತಿದ್ದೆ."

"ಬೈದಿದ್ದು ಕೇಳ್ಸಿರಲಿಲ್ಲಮ್ಮ."

"ಕೇಳ್ಸಿದ್ರೆ ನೀನು ಕೆಲಸ ಬಿಟ್ಟು ಓಡಿಹೋಗ್ತಿದ್ದೆ. ಇರಲಿ. ಇವತ್ತು ಎಷ್ಟು ಲೇಟು?"

ಮೈಕಪ್ಪ ಕಿಟಕಿಯ ಚೌಕಟ್ಟನ್ನು ಹಿಡಿದುಕೊಂಡ. ಹಬೆಗೆ ಅದು ಒದ್ದೆಯಾಗಿ ಬೆಚ್ಚಗಿತ್ತು.

"ಬರಲ್ಲಮ್ಮ."

"ಇವತ್ತಾ?"

"ಇವತ್ತಲ್ಲ, ನಾಳೇನೂ ಅಲ್ಲ. ಆವತ್ತೇ ಬರೋದಿರಲಿಲ್ಲ. ನಾವು ಊರು ಬಿಟ್ವಲ್ಲ, ಆವತ್ತೇ."

"ನೀನು ಒಂದು ಗಂಟೆ ಲೇಟು ಅಂದೆ."

"ಅಂದೆ."

"ಎರಡು ಸಲ ಕೇಳಿದೀನಿ ನಾನು, ಈ ಕಿವಿಯಲ್ಲಿ. ಒಂದು ಗಂಟೆ ಅಂದೆ."

"ಹೌದಮ್ಮ."

"ಬರಲ್ಲ ಅಂತ ನಿಂಗೆ ಗೊತ್ತಿತ್ತಾ?"

ಸ್ಟೇಷನ್ ಮಾಸ್ತರರ ಆಜ್ಞೆಯಾಗಿತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂತು. ನೂಕುನುಗ್ಗಲಾಗುತ್ತಿತ್ತು, ಮಕ್ಕಳಿದ್ದರು ಎಂಬ ಮಾತುಗಳೂ ಅದರ ಹಿಂದೆ ಸಾಲಾಗಿ ನಿಂತಿದ್ದವು. ಎರಡು ವರ್ಷದಿಂದ ತನಗೆ ತಾನೇ ಹೇಳಿಕೊಂಡು ನುಣುಪಾಗಿದ್ದ ಮಾತುಗಳು. ಅವನು ಅವನ್ನು ನುಂಗಿಕೊಂಡ.

"ಗೊತ್ತಿತ್ತು. ಹನ್ನೆರಡೂವರೆಗೇ ಗೊತ್ತಿತ್ತು."

ಆಚೆ ಕಡೆ ಮಂಚವೋ ಕುರ್ಚಿಯೋ ಕಿರುಗುಟ್ಟಿತು. ಮುದುಕಿಯ ಮಾತು ಹೊರಟಾಗ ಅದು ಅವನಿಗೆ ಹೇಳಿದ್ದೋ ಬೇರೆ ಯಾರಿಗೋ ಎಂಬಂತೆ ಮೆಲ್ಲಗಿತ್ತು.

"ನನ್ನ ಮಗನಿಗೆ ಎಡಗಾಲು ಚಿಕ್ಕದು. ದರ್ಜಿ ಅವನು. ಕೂತು ಮಾಡೋ ಕೆಲಸ ಅಂತ ನಾನೇ ಕಲಿಸಿದ್ದೆ. ಐದೂಕಾಲಿಗೋ ಏನೋ ಒಂದು ಟ್ರ್ಯಾಕ್ಟರು ಬಂತು. ಒಬ್ಬರಿಗೇ ಜಾಗ. ನೀನು ಹತ್ತು ಅಂದೆ ನಾನು. ಅವನು ನನ್ನ ಎತ್ತಿ ಕೂರಿಸ್ಬಿಟ್ಟ. 'ಹೋಗಮ್ಮ, ನಂಗೆ ಗಾಡಿ ಇದೆ. ಮೈಕಪ್ಪ ಹೇಳ್ತಿದಾನಲ್ಲ, ಕೇಳಲ್ವಾ' ಅಂದ. ಆಗಲೇ ನೀನು ಇನ್ನೊಂದು ಸಲ ಕೂಗಿದೆ. ನಾನು ಇಳಿಯೋಕೆ ಕಾಲು ಕೆಳಗೆ ಬಿಟ್ಟಿದ್ದೆ. ನಿನ್ನ ಕೂಗು ಕೇಳಿ ಮೇಲೆ ತಗೊಂಡೆ."

ಮೈಕಪ್ಪನ ಬಾಯಿಂದ ಒಂದು ಶಬ್ದ ಹೊರಟಿತು. ಅದು ಯಾವ ಭಾಷೆಯದೂ ಆಗಿರಲಿಲ್ಲ.

"ಆಮೇಲೆ ಅಲ್ಲಿದ್ದೋರೆಲ್ಲ ಏನಾದ್ರು?"

"ನಾನು ನೋಡಲಿಲ್ಲಮ್ಮ. ಆರು ಗಂಟೆಗೆ ಹಿಂದಿನ ಗೇಟಿಂದ ಹೊರಟುಬಿಟ್ಟೆ."

"ಮೈಕು ಆಫ್ ಮಾಡಿ ಹೋದ್ಯಾ?"

ಅವನು ತಡವರಿಸಿದ. "ಮಾಡಿದೆ."

"ಅದನ್ನ ಮಾತ್ರ ಮರೀಲಿಲ್ಲ."

ಫೋನನ್ನು ಇಟ್ಟುಬಿಡಬಹು­ದಿತ್ತು, ಬೆರಳು ಕೆಂಪು ಗುಂಡಿಯ ಮೇಲೆಯೇ ಇತ್ತು. ಆವತ್ತು ಮೈಕಿನ ಕೋಣೆಯ ಬಾಗಿಲೆಳೆದುಕೊಂಡು ಹೋದದ್ದೂ ಅದಕ್ಕಿಂತ ಕಷ್ಟದ ಕೆಲಸವಾಗಿರಲಿಲ್ಲ. ಅವನು ಬೆರಳನ್ನು ತೆಗೆದು ಅಂಗಿಯ ಜೇಬಿನೊಳಗಿಟ್ಟುಕೊಂಡ.

"ರದ್ದಾದ್ರೆ ಮೂರು ಸಲ ಹೇಳ್ತಿದ್ದೆ ನೀನು," ಎಂದಳು ಮುದುಕಿ. "ಲೇಟಾದ್ರೆ ಒಂದು ಸಲ, ರದ್ದಾದ್ರೆ ಮೂರು ಸಲ. ಸ್ಕೂಲ್ ಮಕ್ಕಳಿಗೂ ಗೊತ್ತಿತ್ತು ಅದು. ಮೂರನೇದು ಕೇಳೋವರೆಗೂ ಯಾರೂ ಗಂಟು ಎತ್ತುತಿರಲಿಲ್ಲ. ಹೇಳು ಈಗ."

"ಅಮ್ಮಾ..."

"ಅಮ್ಮ ಅನ್ನೋದು ಆಮೇಲೆ. ತಾರೀಖು ಸೇರಿಸಿ ಹೇಳು. ಇಲ್ದಿದ್ರೆ ನಂಗೆ ಮತ್ತೆ ನಾಳೆ ಅನ್ಸುತ್ತೆ."

ಮೈಕಪ್ಪ ಬೆನ್ನು ನೆಟ್ಟಗೆ ಮಾಡಿ ನಿಂತ. ಮೊದಲ ಸಲ ದನಿ ತಾನಾಗಿ ತನ್ನ ಹಳೆಯ ಅಚ್ಚಿಗೆ ಹೋಗಿ ಕುಳಿತಿತು. ಪ್ರಯಾಣಿಕರ ಗಮನಕ್ಕೆ ಎಂದ. ಊರು ಬಿಟ್ಟ ಆ ದಿನದ ತಾರೀಖನ್ನು ಹೇಳಿದ, ವಾರವನ್ನು ಹೇಳಿದ, ಗಾಡಿಯ ಹೊತ್ತನ್ನು ಹೇಳಿದ, ರದ್ದಾಗಿದೆ ಎಂದ. ಯಂತ್ರಗಳ ಮೊರೆತವನ್ನು ಮೀರಿ ಆ ಕಂಠ ಕಟ್ಟಡದ ಉದ್ದಕ್ಕೂ ಹಾಯಿತು. ಬಟ್ಟೆ ಮಡಿಸುತ್ತಿದ್ದವರು ಒಬ್ಬೊಬ್ಬರಾಗಿ ತಲೆಯೆತ್ತಿದರು. ಅವನಿಗೆ ಇಂಥದೊಂದು ದನಿಯಿದೆಯೆಂದು ಅವರಿಗೆ ಗೊತ್ತಿರಲಿಲ್ಲ.

ಎರಡನೆಯ ಸಲ ತಾರೀಖಿನ ಬಳಿ ತಡೆಯಿತು. ಅವನು ನಿಂತು, ಉಸಿರೆಳೆದು, ಮತ್ತೆ ಮೊದಲಿನಿಂದ ಹೇಳಿದ.

ಮೂರನೆಯ ಸಲ ರದ್ದಾಗಿದೆ ಎಂಬಲ್ಲಿಗೆ ಬಂದು ಅವನು ನಿಂತುಬಿಟ್ಟ. ಮುಂದಿನ ಸಾಲು ಸಾವಿರಾರು ಸಲ ಹೇಳಿದ್ದು, ನಿದ್ದೆಯಲ್ಲೂ ಬರುವಂಥದ್ದು. ಬರಲಿಲ್ಲ.

"ಪೂರ್ತಿ ಹೇಳು," ಎಂದಳು ಮುದುಕಿ. ಅವಳ ದನಿಯೂ ಒದ್ದೆಯಾಗಿತ್ತು, ಆದರೂ ಗಂಟೆ ಹೊಡೆಯುವವಳ ಗತ್ತು ಬಿಟ್ಟಿರಲಿಲ್ಲ. "ಅರ್ಧಕ್ಕೆ ಬಿಟ್ರೆ ಲೆಕ್ಕಕ್ಕಿಲ್ಲ."

"ಅಡಚಣೆಗಾಗಿ," ಎಂದು ಅವನು ಪಿಸುಗುಟ್ಟಿದ. ನೆಲವನ್ನು ನೋಡುತ್ತ, ಅಷ್ಟು ದೂರದಲ್ಲಿದ್ದ ಅವಳೊಬ್ಬಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ಉಳಿದದ್ದನ್ನೂ ಹೇಳಿದ.

ಅವಳು ಅಳುತ್ತಿದ್ದಳೋ ಮೂಗು ಒರೆಸಿಕೊಳ್ಳುತ್ತಿದ್ದಳೋ ತಿಳಿಯಲಿಲ್ಲ. ನಡುವೆ ನರ್ಸಿನ ದನಿ ಕೇಳಿಸಿತು, ಕಲಿತುಕೊಂಡ ಹರುಕು ಮಾತಿನಲ್ಲಿ ಅವಳು, "ಅಜ್ಜಿ, ನಾಲ್ಕು. ಮೆಟ್ಟಿಲು?" ಎಂದು ಕೇಳುತ್ತಿದ್ದಳು.

"ಬೇಡ," ಎಂದಳು ಮುದುಕಿ. ಆಮೇಲೆ ಫೋನಿಗೆ, "ಇದೀಯಾ?"

"ಇದೀನಮ್ಮ."

"ನಿನ್ನ ಕ್ಷಮಿಸಿದೀನಿ ಅಂತ ತಿಳ್ಕೋಬೇಡ."

"ಇಲ್ಲಮ್ಮ."

"ಅವನು ಹೇಗಿದ್ದ ಅಂತ ಕೇಳೋಕೆ ನಂಗೆ ಇನ್ಯಾರೂ ಇಲ್ಲ. ನೀನೂ ನೋಡ್ಲಿಲ್ಲ ಅಂತೀಯ." ಉಸಿರು ಎಳೆದುಕೊಂಡಳು. "ಏನೂ ಮಾತಾಡ್ಬೇಡ ಈಗ. ಆದ್ರೆ ಇಡಬೇಡ."

ಮೈಕಪ್ಪ ಇಡಲಿಲ್ಲ. ಅವನ ಜೊತೆಗಾರ್ತಿ ದೂರದಿಂದ ಬೆರಳೆತ್ತಿ, ಬಟ್ಟೆ ರಾಶಿ ಬಿದ್ದಿದೆಯೆಂದು ತೋರಿಸಿದಳು. ಅವನ ಮುಖ ಕಂಡು ಕೈ ಇಳಿಸಿ, ಒಬ್ಬಳೇ ಒಂದು ಹಾಸನ್ನು ಎದೆಗೆ ಒತ್ತಿಕೊಂಡು ಮಡಿಸತೊಡಗಿದಳು. ಫೋನಿನ ಆ ಕಡೆ ಯಾರೋ ಕಿಟಕಿ ತೆರೆದರು. ಗಾಳಿ ಬಂತು, ಗಾಳಿಯ ಜೊತೆ ಬೀದಿ ಬಂತು. ಯಾವುದೋ ಮಗು ಅವನಿಗೆ ತಿಳಿಯದ ಭಾಷೆಯಲ್ಲಿ ಗಟ್ಟಿಯಾಗಿ ಎಣಿಸುತ್ತ, ಎಡವಿ, ಮತ್ತೆ ಒಂದರಿಂದ ಆರಂಭಿಸಿತು. ಅದೆಲ್ಲದರ ಈಚೆಗೆ, ತೀರ ಹತ್ತಿರದಲ್ಲಿ, ಮುದುಕಿಯ ಉಸಿರು ಏರಿ ಇಳಿಯುತ್ತಿತ್ತು. ಮೈಕಪ್ಪ ನೋಯುತ್ತಿದ್ದ ಬಲಗಿವಿಯಿಂದ ಎಡಗಿವಿಗೆ ಫೋನನ್ನು ಬದಲಿಸಿಕೊಂಡು, ಹಬೆಯಿಂದ ಮಬ್ಬಾಗಿದ್ದ ಗಾಜಿನ ಕಡೆ ಮುಖ ಮಾಡಿ ನಿಂತ.